ಲಕೆನ್‌ಬಾಕ್‌ಗೂ ಒಮ್ಮೆ ಹೋಗಿ ಬನ್ನಿ
ಅಮೆರಿಕದ ಹಳ್ಳಿಗಾಡಿನ ಕಂಟ್ರಿ ಸಂಗೀತ ಕೇಳಬೇಕಾದರೆ ಅಲ್ಲಿನ ನ್ಯಾಶ್‌ವಿಲ್ ನಗರಕ್ಕೇ ಹೋಗಬೇಕು ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪಲ್ಲ. ಟೆಕ್ಸಸ್‌ನ ಆಸ್ಟಿನ್‌ನಿಂದ ಕಾರಿನಲ್ಲಿ ಸುಮಾರು ಒಂದೂವರೆ ಗಂಟೆ ಹೋದರೆ ಲಕೆನ್‌ಬಾಕ್ ಸಿಗುತ್ತದೆ. ಬೋರ್ಡಿನಲ್ಲಿ ಜನಸಂಖ್ಯೆ 3 ಅಂತ ಬರೆದಿದ್ದಾರೆ! ಒಂದು ಹಳೇ ಅಂಗಡಿ (ಮೊದಲು ಪೋಸ್ಟ್ ಆಫೀಸೂ ಅದೇ), ಒಂದು ಡಾನ್ಸ್ ಹಾಲ್, ದೊಡ್ಡ ಓಕ್ ಮರಗಳು. ಊರು ಅಂದರೆ ಅಷ್ಟೇ. ಮರದ ಕೆಳಗೆ ನಾಲ್ಕೈದು ಜನ ಗಿಟಾರ್ ಹಿಡಿದು ದುಂಡಗೆ ಕೂತು, ಒಬ್ಬರಾದ ಮೇಲೆ ಒಬ್ಬರು ಹಾಡುತ್ತಾರೆ. ನಾವು ಹೋದಾಗ ಹಾಡಿನ ಮಧ್ಯೆ ಒಂದು ಹುಂಜವೂ ದನಿ ಸೇರಿಸಿತು. ಯಾರೂ ಓಡಿಸಲಿಲ್ಲ. ಕಂಟ್ರಿ ಗಾಯಕ ವಿಲ್ಲಿ ನೆಲ್ಸನ್ 1995ರಿಂದ 1999ರವರೆಗೆ ಜುಲೈ 4ರ (ಅಮೆರಿಕದ ಸ್ವಾತಂತ್ರ್ಯ ದಿನ) ಪಿಕ್ನಿಕ್ ಅನ್ನೋ ದೊಡ್ಡ ಸಂಗೀತೋತ್ಸವ ನಡೆಸಿದ್ದೂ ಇಲ್ಲೇ. ಆ ಥರದ ಜಾತ್ರೆ ನನಗೆ ಆಗಲ್ಲ. ಸುಮ್ನೆ ವಾರದ ನಡುವೆ ಹೋಗಿ, ಟೋಪಿ ಮರೆಯಬೇಡಿ. ಬಿಸಿಲು ನಮ್ಮ ರಾಯಚೂರಿಗೇನೂ ಕಮ್ಮಿ ಇಲ್ಲ.