ಅಕ್ವಿನಾಸ್ ಹಾಗೆ ಬರೆದಿಲ್ಲ: ಒಂದು ಸ್ಪಷ್ಟನೆ

‘ದೆವ್ವಗಳಿಗೆ ನಮ್ಮಂತೆಯೇ ರಕ್ತಮಾಂಸದ ದೇಹವಿದೆ ಎಂದು ಹದಿಮೂರನೆಯ ಶತಮಾನದ ಥಾಮಸ್ ಅಕ್ವಿನಾಸ್ ಕಲಿಸಿದ್ದರು’ ಎಂಬ ಸಂದೇಶ ವಾಟ್ಸ್ಆ್ಯಪ್‌ನಲ್ಲಿ ಹರಿದಾಡುತ್ತಿದೆ. ಇದು ತಪ್ಪು. ಕ್ರೈಸ್ತ ದೇವತಾಶಾಸ್ತ್ರಜ್ಞರಾದ ಅವರು ಬರೆದದ್ದು ಇದಕ್ಕೆ ತೀರಾ ವಿರುದ್ಧ.

ಅವರ ‘ಸುಮ್ಮಾ ಥಿಯಾಲಜಿಯೇ’ ಗ್ರಂಥದ ಮೊದಲ ಭಾಗ, 51ನೆಯ ಪ್ರಶ್ನೆ ನೋಡಿ. ದೇವದೂತರಿಗೆ ಸ್ವಭಾವತಃ ದೇಹವಿಲ್ಲ. ಪತಿತ ದೂತರಾದ ದೆವ್ವಗಳಿಗೂ ಇಲ್ಲ. ದೂತರು ಕಾಣಿಸಿಕೊಳ್ಳಬೇಕಾದಾಗ ಗಾಳಿಯನ್ನು ದಟ್ಟಗೊಳಿಸಿ ರೂಪ ತಾಳುತ್ತಾರೆ. ದಟ್ಟವಾದ ಗಾಳಿಗೆ ಆಕಾರವೂ ಬಣ್ಣವೂ ಬರುತ್ತದೆ ಎನ್ನಲು ಅಕ್ವಿನಾಸ್ ಮೋಡಗಳನ್ನೇ ಉದಾಹರಿಸುತ್ತಾರೆ. ಆ ರೂಪಕ್ಕೆ ಜೀವವಿಲ್ಲ. ಅದು ಉಂಡಂತೆ ಕಂಡರೂ ನಿಜವಾದ ಊಟವಲ್ಲ. ಮಾತು ಕೂಡ ಮನುಷ್ಯಧ್ವನಿಯನ್ನು ಹೋಲುವ, ಗಾಳಿಯಲ್ಲಿ ಮೂಡಿಸಿದ ಸದ್ದು ಮಾತ್ರ. ಎಷ್ಟು ಸೂಕ್ಷ್ಮವಾದ ವಿಚಾರ!

ದೆವ್ವಗಳಿಗೆ ಗಾಳಿಯ ದೇಹವಿರಬಹುದೆಂಬ ಮಾತು ಅವರಿಗಿಂತ ಬಹಳ ಹಿಂದಿನ ಕ್ರೈಸ್ತ ಚಿಂತಕ ಅಗಸ್ಟೀನರಲ್ಲಿದೆ ನಿಜ, ಆದರೆ ಅದೂ ರಕ್ತಮಾಂಸವಲ್ಲ. ದಯವಿಟ್ಟು ಆ ಸಂದೇಶವನ್ನು ಮುಂದಕ್ಕೆ ಕಳುಹಿಸಬೇಡಿ.