ಬಿಳಿ ದನಿಗೆ ಬೀಟ್ ಹೊಂದಿಸುವಾಗ

ಉಕ್ರೇನಿನ ಜನಪದ ಹಾಡಿಗೆ ಎಲೆಕ್ಟ್ರಾನಿಕ್ ಬೀಟ್ ಹಾಕಿದರೆ ಸಾಕು, ಸಮ್ಮಿಳನ (ಫ್ಯೂಷನ್) ಆಗಿಬಿಡುತ್ತದೆ ಎಂದು ಲೇಖನವೊಂದು ಹೇಳುತ್ತದೆ; ಆ ಮಾತನ್ನು ಒಪ್ಪಲಾರೆ. ಅಲ್ಲಿನ ಹಳ್ಳಿಗಳ ‘ಬಿಲೀ ಹೊಲೊಸ್’, ಅಂದರೆ ಬಿಳಿ ದನಿ, ಎದೆಯಿಂದ ತೆರೆದ ಗಂಟಲಲ್ಲಿ ಬರುವಂಥದ್ದು. ಬಯಲಲ್ಲಿ ದೂರಕ್ಕೆ ಕೇಳಬೇಕಾದ ದನಿ. ಅದರ ಮೊನಚು ಹೆಚ್ಚಾಗಿ ಸುಮಾರು 2ರಿಂದ 4 ಕಿಲೋಹರ್ಟ್ಸ್ ಕಂಪನಾಂಕಗಳ ಪಟ್ಟಿಯಲ್ಲಿದೆ. ಸಿಂಥ್ (ಎಲೆಕ್ಟ್ರಾನಿಕ್ ವಾದ್ಯ), ಗಿಟಾರುಗಳೂ ಅಲ್ಲೇ ನುಗ್ಗಿದರೆ ಕಿವಿಗೆ ಕರ್ಕಶ. ವಾದ್ಯಗಳನ್ನು ಆ ಜಾಗದಲ್ಲಿ 3 ಡೆಸಿಬೆಲ್‌ನಷ್ಟು ತಗ್ಗಿಸಿ, ದನಿಯನ್ನು ಮುಟ್ಟಬೇಡಿ. ಮೈಕ್ ಒಂದೆರಡು ಅಡಿ ದೂರವಿರಲಿ.

ದನಿಯ ಶ್ರುತಿ ತಿದ್ದುವ ಆಟೋಟ್ಯೂನ್ ಸಾಫ್ಟ್‌ವೇರ್ ಅಂತೂ ಬೇಡವೇ ಬೇಡ. ಹಳೆಯ ಗಾಯಕಿಯರ ಗಾಂಧಾರ (ಮೂರನೆಯ ಸ್ವರ) ಎಷ್ಟೋ ಸಲ ಪಿಯಾನೊದ ಎರಡು ಮನೆಗಳ ನಡುವೆ ನಿಲ್ಲುತ್ತದೆ. ಅದನ್ನು ‘ಸರಿಪಡಿಸಿದರೆ’ ಹಾಡಿನ ಊರೇ ಅಳಿಸಿಹೋಗುತ್ತದೆ. ಸಾಲಿಗೊಂದು ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗುಚ್ಛ) ಬದಲಿಸುವುದಕ್ಕಿಂತ ನಮ್ಮ ಶ್ರುತಿಯಂತೆ ಒಂದೇ ಸ್ವರ ಹಿಡಿದಿಡುವುದು ಮೇಲು. 2004ರಲ್ಲಿ ಕೀವ್‌ನ ದಾಖ್ ರಂಗಮಂದಿರದಲ್ಲಿ ಹುಟ್ಟಿದ ದಾಖಾಬ್ರಾಖಾ ತಂಡವನ್ನು ಕೇಳಿ: ಚೆಲ್ಲೊ ಒಂದೇ ವರಸೆಯನ್ನು ಮತ್ತೆ ಮತ್ತೆ ಎಳೆಯುತ್ತದೆ, ಡ್ರಮ್ಮು ನಿಧಾನಕ್ಕೆ ಏರುತ್ತದೆ, ದನಿಗಳು ಮಾತ್ರ ತಮ್ಮ ಪಾಡಿಗೆ ಒರಟಾಗಿಯೇ ಉಳಿಯುತ್ತವೆ.