ಲೈಸೆನ್ಸೇ ಇಲ್ಲದ ಓಸಿಗೆ ಏನು ಮಾಡ್ತೀರಿ?

ಇಸ್ಪೀಟ್ ಕ್ಲಬ್‌ಗಳ ಲೈಸೆನ್ಸ್ ರದ್ದು ಮಾಡಿದರೆ ಮಲೆನಾಡಿನಲ್ಲಿ ಜೂಜು ನಿಲ್ಲುತ್ತದೆ ಅಂತ ನಿಮ್ಮ ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಸುಲಭ ಇಲ್ಲ ಸಾರ್. ರಮ್ಮಿಯಲ್ಲಿ ಕೌಶಲವೇ ಜಾಸ್ತಿ, ಅದು ಬರೀ ಅದೃಷ್ಟದ ಆಟ ಅಲ್ಲ ಅಂತ ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಕ್ಲಬ್ಬಿನವರು ಅದನ್ನೇ ಹಿಡಿದು ಕೋರ್ಟಿಗೆ ಹೋಗುತ್ತಾರೆ.

ಓಸಿಗೆ, ಅಂದರೆ ನಂಬರ್ ಮೇಲೆ ದುಡ್ಡು ಕಟ್ಟುವ ಮಟ್ಕಾ ಜೂಜಿಗೆ, ಯಾವ ಲೈಸೆನ್ಸ್ ಇದೆ ಹೇಳಿ? ನಮ್ಮ ತೀರ್ಥಹಳ್ಳಿ ಕಡೆ ಅಡಿಕೆ ಕೊಯ್ಲಿನ ಬಟವಾಡೆ ದಿನ ಬಂದು ನೋಡಿ. ಬೀಡಾ ಅಂಗಡಿ ಪಕ್ಕ ನಿಂತವನು ಸಿಗರೇಟ್ ಪ್ಯಾಕ್ ಹರಿದು, ಅದರ ಹಿಂದೆ ನಂಬರ್ ಬರೆದುಕೊಳ್ಳುತ್ತಾನೆ. ಕೂಲಿ ದುಡ್ಡು ಮನೆ ಸೇರುವುದೇ ಇಲ್ಲ. ಚೀಟಿ ಬರೆಯುವವನ ಮೇಲೆ ಕರ್ನಾಟಕ ಪೊಲೀಸ್ ಕಾಯ್ದೆಯ ಸೆಕ್ಷನ್ 78(3)ರಲ್ಲಿ ಕೇಸಾಗುತ್ತದೆ, ದಂಡ ಕಟ್ಟಿ ವಾಪಸ್ ಬರುತ್ತಾನೆ. ಅವನು ಸಂಜೆ ಆ ದುಡ್ಡು ಯಾರ ಕೈಗೆ ಕೊಡುತ್ತಾನೆ ಅಂತ ಊರಿಗೆಲ್ಲ ಗೊತ್ತು, ಸ್ಟೇಷನ್ನಿಗೆ ಮಾತ್ರ ಗೊತ್ತಿಲ್ವಾ? ಮುಂದಿನ ಲೇಖನದಲ್ಲಿ ಅದನ್ನು ಕೇಳಿ.